ತರ್ಕಶಾಸ್ತ್ರದ ಪ್ರಬಂಧ: ಹಣ ಕೊಡದೆ, ಹಕ್ಕು ಬಿಡದೆ ಪ್ರಕಟಿಸುವ ಬಗೆ

ಆಟೊಮೆಟಾ, ಕಾಲತರ್ಕ, ಟೈಪ್ ಸಿದ್ಧಾಂತ, ಪ್ರೋಗ್ರಾಂಗಳ ಪರಿಶೀಲನೆ, ಸಾಂತ ಮಾದರಿಗಳ ಸಿದ್ಧಾಂತ ಮುಂತಾದ, ಗಣಕ ವಿಜ್ಞಾನದ ತರ್ಕಕ್ಕೆ ಸೇರಿದ ವಿಷಯಗಳಲ್ಲಿ ಪ್ರಮೇಯಗಳನ್ನು ಸಾಧಿಸುವ ಸಂಶೋಧಕರಿಗೆ ಬೇರೆ ಹಲವು ಶಾಸ್ತ್ರಗಳವರಿಗಿಲ್ಲದ ಒಂದು ಅನುಕೂಲವಿದೆ. ಓದುಗರಿಂದ ಚಂದಾ ಪಡೆಯದ, ಲೇಖಕರಿಂದ ಶುಲ್ಕ ಕೇಳದ, ಆದರೂ ತಜ್ಞರ ಪರಿಶೀಲನೆಯ ಬಿಗಿಯಲ್ಲಿ ದೊಡ್ಡ ಪ್ರಕಾಶನ ಸಂಸ್ಥೆಗಳ ಜರ್ನಲ್‌ಗಳಿಗೆ ಏನೂ ಕಡಿಮೆಯಿಲ್ಲದ ಪ್ರಕಟಣೆಯ ದಾರಿ ಈ ಕ್ಷೇತ್ರದಲ್ಲಿ ಎರಡು ದಶಕಗಳಿಂದ ತೆರೆದಿದೆ. ಹೀಗಿದ್ದೂ ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಅನೇಕರು ಓಪನ್ ಆಕ್ಸೆಸ್ (ಮುಕ್ತ ಪ್ರವೇಶ, ಅಂದರೆ ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದಾದ ಪ್ರಕಟಣೆ) ಎಂದರೆ ಹಣ ಕಟ್ಟಿ ಅಚ್ಚು ಹಾಕಿಸುವುದೆಂದೇ ತಿಳಿದಿರುತ್ತಾರೆ. ಕೈಯಲ್ಲಿರುವ ಒಂದು ಫಲಿತಾಂಶವನ್ನು ಮುಕ್ತ ಪ್ರವೇಶದ ಜರ್ನಲ್ ಪ್ರಬಂಧವಾಗಿಸಲು ಏನೇನು ಮಾಡಬೇಕು, ಯಾವುದನ್ನು ಯಾವುದಕ್ಕಿಂತ ಮೊದಲು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದೆ. ಇಡೀ ಬರಹಕ್ಕೆ ಆಧಾರವಾಗಿ ‘ಲಾಜಿಕಲ್ ಮೆಥಡ್ಸ್ ಇನ್ ಕಂಪ್ಯೂಟರ್ ಸೈನ್ಸ್’ ಎಂಬ ಜರ್ನಲನ್ನು ತೆಗೆದುಕೊಂಡಿದ್ದೇನೆ. ಬಲ್ಲವರು ಅದನ್ನು ಎಲ್‌ಎಂಸಿಎಸ್ ಎಂದೇ ಕರೆಯುತ್ತಾರೆ.

ಈ ದಾರಿ ತಾನಾಗಿ ಬಿದ್ದದ್ದಲ್ಲ. 1999ರಲ್ಲಿ ‘ಜರ್ನಲ್ ಆಫ್ ಲಾಜಿಕ್ ಪ್ರೋಗ್ರಾಮಿಂಗ್’ನ ಸಂಪಾದಕ ಮಂಡಲಿಯ 50 ಮಂದಿ, ಗ್ರಂಥಾಲಯಗಳು ತೆರಬೇಕಾದ ಚಂದಾ ದರದ ಬಗ್ಗೆ ಪ್ರಕಾಶಕರಾದ ಎಲ್ಸೆವಿಯರ್ ಜೊತೆ ನಡೆಸಿದ ಮಾತುಕತೆ ಫಲಿಸದಿದ್ದಾಗ ಒಟ್ಟಾಗಿ ರಾಜೀನಾಮೆ ಕೊಟ್ಟು, ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ಹೊಸ ಜರ್ನಲ್ ಒಂದನ್ನು ಆರಂಭಿಸಿದರು. 2003ರಲ್ಲಿ ಗಣಕ ವಿಜ್ಞಾನಿ ಡೊನಾಲ್ಡ್ ನೂತ್ ‘ಜರ್ನಲ್ ಆಫ್ ಆಲ್ಗರಿದಮ್ಸ್’ನ ಸಹಸಂಪಾದಕರಿಗೆ ಬೆಲೆಯ ವಿಷಯವಾಗಿಯೇ ದೀರ್ಘ ಪತ್ರ ಬರೆದರು, ಆ ಮಂಡಲಿಯೂ ಹೊರನಡೆಯಿತು. ಇಂಥ ವಾತಾವರಣದಲ್ಲಿ, 2004ರ ಸೆಪ್ಟೆಂಬರ್ 1ರಂದು, ಡೇನಾ ಸ್ಕಾಟ್ ಅವರ ಪ್ರಧಾನ ಸಂಪಾದಕತ್ವದಲ್ಲಿ ಎಲ್‌ಎಂಸಿಎಸ್ ಪ್ರಬಂಧಗಳನ್ನು ಸ್ವೀಕರಿಸತೊಡಗಿತು. ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 1976ರಲ್ಲಿ ಹಂಚಿಕೊಂಡಿದ್ದ ಸ್ಕಾಟ್ ಅಂಥವರು ಮುಂದೆ ನಿಂತಿದ್ದರಿಂದ ಹೊಸ ಜರ್ನಲ್‌ಗಳಿಗೆ ಸಾಮಾನ್ಯವಾಗಿ ಎದುರಾಗುವ ‘ಇದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ’ ಎಂಬ ಅನುಮಾನ ಇಲ್ಲಿ ಬೇಗ ಕರಗಿತು. 2017ರಲ್ಲಿ ಈ ಜರ್ನಲ್ ಮುಕ್ತ ಜರ್ನಲ್‌ಗಳನ್ನು ನಡೆಸುವ ಫ್ರಾನ್ಸಿನ ಎಪಿಸೈನ್ಸಸ್ ವೇದಿಕೆಗೆ ಸ್ಥಳಾಂತರಗೊಂಡಿತು.

ಹಣವಿಲ್ಲದೆ ಜರ್ನಲ್ ನಡೆಯುವುದು ಹೇಗೆಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ. ಇಂಥ ಜರ್ನಲ್ ಪ್ರಬಂಧಗಳನ್ನು ತನ್ನ ಬಳಿ ಇಟ್ಟುಕೊಳ್ಳುವುದೇ ಇಲ್ಲ. ಪ್ರಬಂಧಗಳು ಆರ್ಕೈವ್ (arXiv) ಎಂಬ ಸಾರ್ವಜನಿಕ ಭಂಡಾರದಲ್ಲಿರುತ್ತವೆ. 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಅವರು ಲಾಸ್ ಅಲಮೋಸ್‌ನಲ್ಲಿ ಆರಂಭಿಸಿದ ಈ ಭಂಡಾರ ಮುಂದೆ ಕಾರ್ನೆಲ್ ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂತು. ಜರ್ನಲ್ ಅದರ ಮೇಲೆ ಪರಿಶೀಲನೆ, ಸಂಪಾದನೆ, ಸಂಪುಟದ ಸಂಖ್ಯೆ ಮತ್ತು ಡಿಒಐ ಎಂಬ ಶಾಶ್ವತ ಅಂತರ್ಜಾಲ ಗುರುತನ್ನು ಸೇರಿಸುತ್ತದೆ. ಸಂಪಾದಕರೂ ಪರಿಶೀಲಕರೂ ಸಂಬಳವಿಲ್ಲದೆ ದುಡಿಯುತ್ತಾರೆ. ದೊಡ್ಡ ಪ್ರಕಾಶಕರ ಜರ್ನಲ್‌ಗಳಲ್ಲಿಯೂ ಪರಿಶೀಲಕರು ದುಡಿಯುವುದು ಹಾಗೆಯೇ ಎಂಬುದನ್ನು ಇಲ್ಲಿ ನೆನೆಯಬಹುದು.

ಎಲ್ಲಿಗೆ ಕಳಿಸಬೇಕು

ಮುಕ್ತ ಪ್ರವೇಶದಲ್ಲಿ ಮೂರು ಬಗೆಗಳನ್ನು ಬೇರ್ಪಡಿಸಿ ತಿಳಿಯಬೇಕು. ಲೇಖಕರು ಅಥವಾ ಅವರ ಸಂಸ್ಥೆ ಶುಲ್ಕ ತೆತ್ತು ಪ್ರಬಂಧವನ್ನು ಎಲ್ಲರಿಗೂ ತೆರೆಯುವುದು ಚಿನ್ನದ ಬಗೆ. ಚಂದಾ ಜರ್ನಲ್‌ನಲ್ಲಿ ಪ್ರಕಟಿಸಿ, ಲೇಖಕರ ಪ್ರತಿಯನ್ನು ಆರ್ಕೈವ್‌ನಂಥ ಭಂಡಾರದಲ್ಲಿ ಇಡುವುದು ಹಸಿರು ಬಗೆ. ಯಾರಿಂದಲೂ ಏನೂ ಪಡೆಯದೆ ನಡೆಯುವುದು ವಜ್ರದ ಬಗೆ. ಎಲ್‌ಎಂಸಿಎಸ್ ಮೂರನೆಯದಕ್ಕೆ ಸೇರುತ್ತದೆ. ತರ್ಕಶಾಸ್ತ್ರದವರು ಮೊದಲು ವಜ್ರದ ಬಗೆಯನ್ನು, ಅದು ಹೊಂದದಿದ್ದರೆ ಹಸಿರನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ. ಕೈಯಿಂದ ಹಣ ಹಾಕಿ ಚಿನ್ನದ ಬಗೆಗೆ ಹೋಗಬೇಕಾದ ಪ್ರಸಂಗ ಈ ಕ್ಷೇತ್ರದಲ್ಲಿ ನಿಜಕ್ಕೂ ಕಡಿಮೆ. 2026ರ ಜನವರಿಯಿಂದ ಗಣಕ ವಿಜ್ಞಾನಿಗಳ ಸಂಘವಾದ ಎಸಿಎಂ ಸಂಸ್ಥೆ ತನ್ನ ಪ್ರಕಟಣೆಗಳನ್ನೆಲ್ಲ ಮುಕ್ತ ಪ್ರವೇಶಕ್ಕೆ ತಂದಿರುವುದರಿಂದ, ಅದರ ‘ಟ್ರಾನ್ಸಾಕ್ಷನ್ಸ್ ಆನ್ ಕಂಪ್ಯುಟೇಷನಲ್ ಲಾಜಿಕ್’ಗೆ ಕಳಿಸುವವರು ತಮ್ಮ ಸಂಸ್ಥೆ ಎಸಿಎಂ ಜೊತೆ ಒಪ್ಪಂದ ಮಾಡಿಕೊಂಡಿದೆಯೇ, ಇಲ್ಲದಿದ್ದರೆ ತಮಗೆ ವಿನಾಯಿತಿ ಸಿಗುತ್ತದೆಯೇ ಎಂಬುದನ್ನು ಕಳಿಸುವ ಮೊದಲೇ ವಿಚಾರಿಸಿಕೊಳ್ಳಬೇಕು. ಒಪ್ಪಿಗೆಯ ಪತ್ರ ಬಂದ ಮೇಲೆ ಶುಲ್ಕದ ಚಿಂತೆ ಮಾಡುವುದು ತಡವಾದ ಚಿಂತೆ.

ವಜ್ರದ ಬಗೆಯಲ್ಲೂ ಆಯ್ಕೆ ಇದೆ. ತರ್ಕದ ಉಪಕರಣಗಳಿಂದ ಗಣನೆಯ ಪ್ರಶ್ನೆಯನ್ನು ಬಿಡಿಸಿದ, ಪೂರ್ಣ ಸಾಧನೆಗಳಿರುವ (ಅಂದರೆ ಪ್ರಮೇಯಗಳ ರುಜುವಾತುಗಳಿರುವ) ದೀರ್ಘ ಪ್ರಬಂಧಕ್ಕೆ ಎಲ್‌ಎಂಸಿಎಸ್ ಸಹಜವಾದ ಮನೆ. ಫಲಿತಾಂಶ ತರ್ಕದ ಎಲ್ಲೆಯನ್ನು ಮೀರಿ ಸೈದ್ಧಾಂತಿಕ ಗಣಕ ವಿಜ್ಞಾನದ ಎಲ್ಲರಿಗೂ ಮುಖ್ಯವಾಗುವಂತಿದ್ದರೆ, ಅದೇ ಎಪಿಸೈನ್ಸಸ್ ವೇದಿಕೆಯಲ್ಲಿ 2021ರ ಕೊನೆಗೆ ಆರಂಭವಾದ ‘ಥಿಯರೆಟಿಕ್ಸ್’ ಇದೆ; ಅಲ್ಲಿ ಫಲಿತಾಂಶದ ಮಹತ್ತ್ವವನ್ನು ಮೊದಲು ತೂಗಿ, ಆಮೇಲೆ ಸಾಧನೆಗಳನ್ನು ವಿವರವಾಗಿ ಪರಿಶೀಲಿಸುತ್ತಾರೆ. ಕಾರ್ಯಾಗಾರದಲ್ಲಿ ಓದಿದ ಚಿಕ್ಕ ಪ್ರಬಂಧಗಳಿಗೆ, ರಾಬ್ ವ್ಯಾನ್ ಗ್ಲಾಬೀಕ್ ಅವರು ರೂಪಿಸಿದ, ಇದೂ ಆರ್ಕೈವ್ ಮೇಲೆಯೇ ನಿಂತಿರುವ ಇಪಿಟಿಸಿಎಸ್ ಎಂಬ ನಡಾವಳಿ (ಪ್ರಬಂಧ ಸಂಕಲನ) ಮಾಲಿಕೆ ಇದೆ. ಆದರೆ ಅಲ್ಲಿಗೆ ಲೇಖಕರು ಒಬ್ಬೊಬ್ಬರಾಗಿ ಕಳಿಸಲಾಗದು, ಕಾರ್ಯಾಗಾರದ ಸಂಘಟಕರ ಮೂಲಕವೇ ಹೋಗಬೇಕು. ಐಸಬೆಲ್ ಎಂಬ ಪ್ರಮೇಯ ಸಾಧಕದಲ್ಲಿ (ಸಾಧನೆಗಳನ್ನು ಗಣಕದಲ್ಲೇ ತಪಾಸಿಸುವ ತಂತ್ರಾಂಶದಲ್ಲಿ) ಬರೆದ ಯಾಂತ್ರಿಕ ಸಾಧನೆಗಳಿಗಂತೂ 2004ರಿಂದ ‘ಆರ್ಕೈವ್ ಆಫ್ ಫಾರ್ಮಲ್ ಪ್ರೂಫ್ಸ್’ ಎಂಬ ಪರಿಶೀಲಿತ ಸಂಗ್ರಹವೇ ಇದೆ. ನಿಮ್ಮ ಪ್ರಬಂಧ ಇವುಗಳಲ್ಲಿ ಎಲ್ಲಿಗೆ ಸೇರುತ್ತದೆಂದು ತಿಳಿಯಲು ಒಂದು ನಂಬಬಹುದಾದ ಪರೀಕ್ಷೆ ಇದೆ: ನಿಮ್ಮ ಉಲ್ಲೇಖ ಪಟ್ಟಿಯನ್ನೇ ತೆರೆದು, ನೀವು ಹೆಚ್ಚಾಗಿ ಆಧರಿಸಿರುವ ಜರ್ನಲ್ ಪ್ರಬಂಧಗಳು ಎಲ್ಲಿ ಪ್ರಕಟವಾಗಿವೆ ಎಂದು ನೋಡಿ. ಆ ಹೆಸರುಗಳಲ್ಲಿ ಒಂದೂ ನೀವು ಕಳಿಸಬೇಕೆಂದಿರುವ ಜರ್ನಲ್ ಆಗಿರದಿದ್ದರೆ ಆಯ್ಕೆಯನ್ನು ಮತ್ತೊಮ್ಮೆ ಯೋಚಿಸುವುದು ಒಳಿತು.

ಸಮ್ಮೇಳನದಿಂದ ಜರ್ನಲ್‌ಗೆ

ಗಣಕ ವಿಜ್ಞಾನದ ಪದ್ಧತಿ ಗಣಿತದ ಪದ್ಧತಿಯಂತಲ್ಲ. ಇಲ್ಲಿ ಫಲಿತಾಂಶ ಮೊದಲು ಸಮ್ಮೇಳನದ ನಡಾವಳಿಯಲ್ಲಿ, ಪುಟಮಿತಿಯೊಳಗೆ, ಸಾಧನೆಗಳ ರೂಪರೇಖೆಯೊಂದಿಗೆ ಬರುತ್ತದೆ. ಪೂರ್ಣ ರೂಪ ಆಮೇಲೆ ಜರ್ನಲ್‌ನಲ್ಲಿ ಬರುತ್ತದೆ. 1986ರಿಂದ ನಡೆದುಬಂದಿರುವ ಲಿಕ್ಸ್ ಈ ಕ್ಷೇತ್ರದ ಮುಖ್ಯ ಸಮ್ಮೇಳನ. ಸಿಎಸ್‌ಎಲ್, ಕಾನ್‌ಕರ್, ಫೊಸಾಕ್ಸ್ ಮೊದಲಾದವೂ ಇವೆ. ಭಾರತದಲ್ಲಿ ಪ್ರತಿ ಡಿಸೆಂಬರ್‌ನಲ್ಲಿ ನಡೆಯುವ ಎಫ್‌ಎಸ್‌ಟಿಟಿಸಿಎಸ್ ಸಮ್ಮೇಳನ ಮುಕ್ತ ಪ್ರವೇಶಕ್ಕೆ ಬಹಳ ಬೇಗ ಬಂದದ್ದು: ಬೆಂಗಳೂರಿನಲ್ಲಿ ನಡೆದ 2008ರ ಸಮ್ಮೇಳನದ ನಡಾವಳಿ, ಜರ್ಮನಿಯ ಶ್ಲೋಸ್ ಡಾಗ್‌ಸ್ಟೂಲ್ ಕೇಂದ್ರದ ಲಿಪಿಕ್ಸ್ ಮಾಲಿಕೆಯ ಎರಡನೆಯ ಸಂಪುಟವಾಗಿ ಹೊರಬಂತು. ಇಂದು ಈ ಕ್ಷೇತ್ರದ ಹಲವು ಸಮ್ಮೇಳನಗಳ ನಡಾವಳಿಗಳು ಅದೇ ಮಾಲಿಕೆಯಲ್ಲಿ ಬರುತ್ತಿವೆ. ಲಿಪಿಕ್ಸ್‌ನಲ್ಲಿ ಕೃತಿಸ್ವಾಮ್ಯ ಲೇಖಕರಲ್ಲೇ ಉಳಿಯುವುದರಿಂದ ಮುಂದೆ ಜರ್ನಲ್ ರೂಪ ಸಿದ್ಧಪಡಿಸುವಾಗ ತೊಡಕಿರುವುದಿಲ್ಲ. ಬೇರೆ ಪ್ರಕಾಶಕರ ನಡಾವಳಿಯಲ್ಲಿ ಬಂದ ಪ್ರಬಂಧವಾದರೆ, ಸಹಿ ಹಾಕಿದ ಒಪ್ಪಂದವನ್ನು ಹುಡುಕಿ ತೆಗೆದು, ವಿಸ್ತರಿಸಿದ ರೂಪವನ್ನು ಬೇರೆಡೆ ಪ್ರಕಟಿಸಲು ಅದು ಬಿಡುತ್ತದೆಯೇ ಎಂದು ಓದಿಕೊಳ್ಳಬೇಕು. ಸಾಮಾನ್ಯವಾಗಿ ಬಿಡುತ್ತದೆ, ಆದರೆ ಊಹೆಯ ಮೇಲೆ ನಡೆಯುವ ವಿಷಯ ಇದಲ್ಲ.

ವಿಸ್ತರಿಸುವುದೆಂದರೆ ಅನುಬಂಧದಲ್ಲಿದ್ದ ಸಾಧನೆಗಳನ್ನು ಕತ್ತರಿಸಿ ನಡುವೆ ಅಂಟಿಸುವುದಲ್ಲ. ಸಮ್ಮೇಳನದ ಪ್ರಬಂಧದಲ್ಲಿ ಜಾಗ ಸಾಲದೆ ‘ಸುಲಭವಾಗಿ ತೋರಿಸಬಹುದು’ ಎಂದು ದಾಟಿದ ಪ್ರತಿಯೊಂದು ಕಡೆಗೂ ಹಿಂತಿರುಗಬೇಕು. ಅನುಭವಿಗಳು ಬಲ್ಲಂತೆ, ತಪ್ಪುಗಳು ಅಡಗಿರುವುದು ಮುಖ್ಯ ಪ್ರಮೇಯದ ಸಾಧನೆಯಲ್ಲಿ ಅಷ್ಟಾಗಿ ಅಲ್ಲ, ಅದಕ್ಕೆ ಬೇಕಾದ ಮೂರನೆಯದೋ ನಾಲ್ಕನೆಯದೋ ಉಪಪ್ರಮೇಯದಲ್ಲಿ, ‘ಉಳಿದ ಸಂದರ್ಭಗಳೂ ಹೀಗೆಯೇ’ ಎಂದು ಬರೆದ ಸಾಲಿನಲ್ಲಿ. ರಚನೆಯ ಮೇಲಿನ ಅನುಗಮನದಲ್ಲಿ ನಿಷೇಧದ ಸಂದರ್ಭ, ಚರಾಂಶಗಳ ಹೆಸರು ಬದಲಿಸುವಾಗ ಆಗುವ ಸೆರೆ, ಖಾಲಿ ಪದದ ಸಂದರ್ಭ, ಅನಂತ ಮಾದರಿಗಳನ್ನೂ ಒಳಗೊಂಡಾಗ ಮಾತ್ರ ನಿಲ್ಲುವ ಸಂಕೋಚನ (ಕಂಪ್ಯಾಕ್ಟ್‌ನೆಸ್) ತತ್ತ್ವವನ್ನು ಸಾಂತ ಮಾದರಿಗಳ ಮೇಲಷ್ಟೇ ಬಳಸುವುದು: ಇವು ಪರಿಶೀಲಕರು ಮೊದಲು ಕೈಹಾಕುವ ಜಾಗಗಳು. ಅವರು ನೋಡುವ ಮೊದಲೇ ನೀವು ನೋಡಿರಬೇಕು. ಸಮ್ಮೇಳನದ ರೂಪಕ್ಕೂ ಈ ರೂಪಕ್ಕೂ ಇರುವ ವ್ಯತ್ಯಾಸಗಳನ್ನು ಪೀಠಿಕೆಯ ಕೊನೆಯಲ್ಲಿ ಒಂದು ಪ್ಯಾರಾದಲ್ಲಿ ಮುಚ್ಚುಮರೆಯಿಲ್ಲದೆ ಹೇಳಬೇಕು: ಯಾವ ಪ್ರಮೇಯ ಹೊಸದು, ಯಾವುದು ಬಲಗೊಂಡಿದೆ, ಯಾವ ಸಾಧನೆಯನ್ನು ಸರಿಪಡಿಸಲಾಗಿದೆ ಎಂಬಷ್ಟು ಸ್ಪಷ್ಟವಾಗಿ.

ಹಸ್ತಪ್ರತಿ

ಎಲ್‌ಎಂಸಿಎಸ್‌ಗೆ ತನ್ನದೇ ಆದ ಲೇಟೆಕ್ (ಗಣಿತ ಬರಹದ ಅಕ್ಷರಜೋಡಣೆಯ ತಂತ್ರಾಂಶ) ಶೈಲಿ ಕಡತವಿದೆ. ಪ್ರಬಂಧ ಸ್ವೀಕೃತವಾದ ಮೇಲೆ ಬದಲಿಸಿದರಾಯಿತು ಎಂದು ಬಿಡುವುದಕ್ಕಿಂತ ಮೊದಲಿಂದಲೇ ಅದರಲ್ಲಿ ಬರೆಯುವುದು ವಾಸಿ. ಸಮ್ಮೇಳನದ ಎರಡು ಕಾಲಂಗಳ ಶೈಲಿಗೆ ಹೊಂದಿಸಿ ಮುರಿದ ಸಮೀಕರಣಗಳನ್ನು ಆಮೇಲೆ ಒಂದೊಂದಾಗಿ ಬಿಡಿಸುವುದು ಬೇಸರದ ಕೆಲಸ. ಪ್ರಮೇಯ, ಉಪಪ್ರಮೇಯ, ವ್ಯಾಖ್ಯೆಗಳಿಗೆ ಆ ಕಡತದಲ್ಲಿರುವ ಪರಿಸರಗಳನ್ನೇ ಬಳಸಬೇಕು. ನೀವೇ ರಚಿಸಿಕೊಂಡ ನೂರಾರು ಮ್ಯಾಕ್ರೋಗಳಲ್ಲಿ ಬಳಸದವನ್ನು ತೆಗೆದುಹಾಕಬೇಕು.

ವಿಷಯ ವರ್ಗೀಕರಣದ ಸಂಖ್ಯೆಗಳನ್ನು ಯೋಚಿಸಿ ಕೊಡಬೇಕು. ಗಣಿತ ವರ್ಗೀಕರಣದಲ್ಲಿ 03ಬಿ70 ಎಂಬುದು ಗಣಕ ವಿಜ್ಞಾನದ ತರ್ಕಕ್ಕೆ, 03ಬಿ44 ಕಾಲತರ್ಕಕ್ಕೆ, 68ಕ್ಯೂ60 ಪ್ರೋಗ್ರಾಂಗಳ ನಿರೂಪಣೆ ಮತ್ತು ಪರಿಶೀಲನೆಗೆ, 68ಕ್ಯೂ45 ರೂಪನಿಷ್ಠ ಭಾಷೆಗಳು ಹಾಗೂ ಆಟೊಮೆಟಾಗಳಿಗೆ ಮೀಸಲು. ಪರಿಶೀಲಕರನ್ನು ಹುಡುಕುವ ಸಂಪಾದಕರಿಗೂ, ಮುಂದೆ ಪ್ರಬಂಧವನ್ನು ಹುಡುಕುವ ಓದುಗರಿಗೂ ಇವು ದಾರಿ ತೋರಿಸುತ್ತವೆ.

ಹೆಸರಿನ ವಿಷಯದಲ್ಲಿ ಕನ್ನಡಿಗರಿಗೆ ಬೇರೆಯವರಿಗಿಲ್ಲದ ಒಂದು ತೊಡಕಿದೆ. ನಮ್ಮಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಹೆಸರಿನ ಹಿಂದೆಯೋ ಮುಂದೆಯೋ ಬರುತ್ತವೆ. ಒಂದು ಪ್ರಬಂಧದಲ್ಲಿ ಮೊದಲಕ್ಷರ, ಇನ್ನೊಂದರಲ್ಲಿ ಅದರ ವಿಸ್ತರಣೆ, ಮತ್ತೊಂದರಲ್ಲಿ ಎರಡೂ ಇಲ್ಲ ಎಂದಾದರೆ ಡಿಬಿಎಲ್‌ಪಿಯಂಥ ಪ್ರಬಂಧ ಸೂಚಿಗಳು ಒಬ್ಬರನ್ನೇ ಮೂವರೆಂದು ಎಣಿಸುತ್ತವೆ. ಮೊದಲ ಪ್ರಬಂಧದಲ್ಲಿ ಬಳಸಿದ ರೂಪಕ್ಕೇ ಕೊನೆಯವರೆಗೆ ಅಂಟಿಕೊಳ್ಳಬೇಕು. ಜೊತೆಗೆ, ಸಂಶೋಧಕರನ್ನು ಗುರುತಿಸುವ 16 ಅಂಕಿಗಳ ಆರ್ಕಿಡ್ ಸಂಖ್ಯೆಯನ್ನು ಬಿಟ್ಟಿಯಾಗಿ ಪಡೆದು ಪ್ರಬಂಧದಲ್ಲಿಯೂ ಖಾತೆಗಳಲ್ಲಿಯೂ ನಮೂದಿಸಬೇಕು.

ಸಾಧನೆಗಳನ್ನು ರಾಕ್ (ಹಿಂದಿನ ಹೆಸರು ಕಾಕ್), ಲೀನ್ ಅಥವಾ ಐಸಬೆಲ್‌ನಂಥ ಪ್ರಮೇಯ ಸಾಧಕದಲ್ಲಿ ಯಾಂತ್ರಿಕವಾಗಿ ಪರಿಶೀಲಿಸಿದ್ದರೆ ಅವುಗಳ ಸಂಕೇತಗಳನ್ನು (ಕೋಡ್) ಎಲ್ಲಿಡುತ್ತೀರಿ ಎಂಬುದೂ ಹಸ್ತಪ್ರತಿಯ ಭಾಗವೇ. ಸ್ವಂತ ಪುಟದ ಕೊಂಡಿ ನೀವು ಸಂಸ್ಥೆ ಬದಲಿಸಿದ ದಿನವೇ ಸಾಯುತ್ತದೆ. ಯುರೋಪಿನ ಭೌತಶಾಸ್ತ್ರ ಸಂಸ್ಥೆ ಸರ್ನ್ ನಡೆಸುವ ಜೆನೊಡೊ ಭಂಡಾರದಲ್ಲಿ ಇಟ್ಟರೆ ಡಿಒಐ ಸಿಗುತ್ತದೆ. ಮೂಲ ಸಂಕೇತಗಳ ಸಂರಕ್ಷಣೆಗೆಂದೇ ಸಾಫ್ಟ್‌ವೇರ್ ಹೆರಿಟೇಜ್ ಇದೆ. ಪ್ರಮೇಯ ಸಾಧಕದ ಯಾವ ಆವೃತ್ತಿಯಲ್ಲಿ ಕಡತಗಳು ನಡೆಯುತ್ತವೆ ಎಂಬುದನ್ನು ಮರೆಯದೆ ಬರೆಯಬೇಕು, ಏಕೆಂದರೆ ಕೆಲವು ವರ್ಷಗಳ ನಂತರದ ಆವೃತ್ತಿಯಲ್ಲಿ ಅವು ನಡೆಯುವ ಸಂಭವ ಕಡಿಮೆ. ಕಾಗದದ ಮೇಲಿನ ಪ್ರಮೇಯ 12 ಯಾಂತ್ರಿಕ ಸಾಧನೆಯಲ್ಲಿ ಯಾವ ಹೆಸರಿನಲ್ಲಿದೆ ಎಂಬ ಹೊಂದಾಣಿಕೆಯ ಪಟ್ಟಿಯೊಂದನ್ನು ಕೊಟ್ಟರೆ ಪರಿಶೀಲಕರು ಮನಸಾರೆ ಹರಸುತ್ತಾರೆ.

ಮೊದಲು ಆರ್ಕೈವ್

ಎಲ್‌ಎಂಸಿಎಸ್‌ಗೆ ಪ್ರಬಂಧ ಕಳಿಸುವುದೆಂದರೆ ಮೊದಲು ಅದನ್ನು ಆರ್ಕೈವ್‌ನಲ್ಲಿ ಇಡುವುದು. ಹೊಸಬರಿಗೆ ಇಲ್ಲಿಯೇ ಮೊದಲ ಅಡ್ಡಿ ಎದುರಾಗಬಹುದು: ಒಂದು ವಿಭಾಗದಲ್ಲಿ ಮೊದಲ ಸಲ ಪ್ರಬಂಧ ಇಡುವವರಿಗೆ ಆ ವಿಭಾಗದಲ್ಲಿ ಈಗಾಗಲೇ ಪ್ರಕಟಿಸಿರುವ ಒಬ್ಬರ ಅನುಮೋದನೆ ಬೇಕಾಗುತ್ತದೆ. ಇದು ಪ್ರಬಂಧ ಸರಿಯಿದೆಯೆಂಬ ಪ್ರಮಾಣಪತ್ರವಲ್ಲ. ಬರೆದವರು ಈ ಶಾಸ್ತ್ರದ ಒಳಗಿನವರು ಎಂಬಷ್ಟೇ ಮಾತು. ಮಾರ್ಗದರ್ಶಕರಲ್ಲಿ ಅಥವಾ ಸಹಲೇಖಕರಲ್ಲಿ ಒಬ್ಬರಿಗಾದರೂ ಆ ಅರ್ಹತೆ ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ, ನಿಮ್ಮ ಕೆಲಸಕ್ಕೆ ಹತ್ತಿರವಾದ ವಿಷಯದಲ್ಲಿ ಬರೆದವರಿಗೆ ಪ್ರಬಂಧದ ಪ್ರತಿಯನ್ನು ಲಗತ್ತಿಸಿ ಚಿಕ್ಕದಾದ, ವಿನಯದ ಪತ್ರ ಬರೆಯಬೇಕು. ಗುರುತಿಲ್ಲದ ಇಪ್ಪತ್ತು ಮಂದಿಗೆ ಒಂದೇ ಪತ್ರವನ್ನು ಕಳಿಸುವುದು ಹೆಸರು ಕೆಡಿಸಿಕೊಳ್ಳುವ ದಾರಿ.

ವಿಭಾಗವನ್ನು ಆರಿಸುವಾಗ ‘ಗಣಕ ವಿಜ್ಞಾನದಲ್ಲಿ ತರ್ಕ’ ಎಂಬ ವಿಭಾಗವನ್ನು ಮುಖ್ಯವಾಗಿಟ್ಟು, ಪ್ರಬಂಧದ ಸ್ವಭಾವಕ್ಕೆ ತಕ್ಕಂತೆ ರೂಪನಿಷ್ಠ ಭಾಷೆಗಳು, ಪ್ರೋಗ್ರಾಮಿಂಗ್ ಭಾಷೆಗಳು ಅಥವಾ ಗಣಿತದ ತರ್ಕ ವಿಭಾಗವನ್ನು ಜೊತೆಗೆ ಸೇರಿಸಬಹುದು. ಲೇಟೆಕ್‌ನಲ್ಲಿ ಬರೆದ ಪ್ರಬಂಧವಾದರೆ ಆರ್ಕೈವ್ ಪಿಡಿಎಫ್ ಒಂದನ್ನೇ ಸ್ವೀಕರಿಸುವುದಿಲ್ಲ, ಮೂಲ ಕಡತಗಳನ್ನೇ ಕೊಡಬೇಕು. ಈ ಮೂಲ ಕಡತಗಳನ್ನು ಜಗತ್ತಿನ ಯಾರು ಬೇಕಾದರೂ ಇಳಿಸಿಕೊಳ್ಳಬಹುದು ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಅಚ್ಚಿಗೆ ಬಾರದಂತೆ ಶೇಕಡಾ ಚಿಹ್ನೆಯ ಹಿಂದೆ ಅವಿತಿರುವ ‘ಈ ಉಪಪ್ರಮೇಯ ನಿಜವೇ?’, ‘ಹಿಂದಿನ ಪರಿಶೀಲಕನಿಗೆ ಏನೂ ತಿಳಿಯದು’ ಎಂಬಂಥ ಟಿಪ್ಪಣಿಗಳು ಪ್ರಬಂಧದ ಜೊತೆಗೆ ಶಾಶ್ವತವಾಗಿ ಉಳಿಯುತ್ತವೆ. ಏರಿಸುವ ಮೊದಲು ಅವನ್ನೆಲ್ಲ ಅಳಿಸಿದ ಪ್ರತಿಯೊಂದನ್ನು ಬೇರೆಯಾಗಿ ಮಾಡಿಕೊಳ್ಳಬೇಕು. ಉಲ್ಲೇಖ ಪಟ್ಟಿಯ ಸಿದ್ಧರೂಪವಾದ ಬಿಬಿಎಲ್ ಕಡತವನ್ನು ಜೊತೆಗಿಡುವುದು ಕ್ಷೇಮ.

ಪರವಾನಗಿಯ ಪ್ರಶ್ನೆಗೆ ಆತುರದಲ್ಲಿ ಉತ್ತರಿಸಬಾರದು, ಏಕೆಂದರೆ ಒಮ್ಮೆ ಕೊಟ್ಟ ಪರವಾನಗಿಯನ್ನು ಹಿಂಪಡೆಯಲಾಗದು. ಆರ್ಕೈವ್‌ಗೆ ಹಂಚುವ ಹಕ್ಕನ್ನಷ್ಟೇ ಕೊಡುವ ಕನಿಷ್ಠ ಪರವಾನಗಿ ಒಂದು ಕಡೆ. ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು ಎನ್ನುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇನ್ನೊಂದು ಕಡೆ. ವಜ್ರದ ಜರ್ನಲ್‌ಗಳು ಅಂತಿಮ ರೂಪಕ್ಕೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಬಯಸುತ್ತವೆ. ಇಂಥ ಜರ್ನಲ್‌ಗೇ ಕಳಿಸುವುದು ಖಚಿತವಾಗಿದ್ದರೆ ಮೊದಲೇ ಅದನ್ನು ಆರಿಸಬಹುದು. ಎಲ್ಲಿಗೆ ಕಳಿಸಬೇಕೆಂದು ಇನ್ನೂ ತೀರ್ಮಾನವಾಗಿಲ್ಲದಿದ್ದರೆ ಮೊದಲ ಆವೃತ್ತಿಗೆ ಕನಿಷ್ಠ ಪರವಾನಗಿ ಸಾಕು, ಮುಂದಿನ ಆವೃತ್ತಿಗೆ ಮುಕ್ತವಾದದ್ದನ್ನು ಕೊಡಬಹುದು. ಸಹಲೇಖಕರೆಲ್ಲರ ಒಪ್ಪಿಗೆಯನ್ನು ಬರಹದಲ್ಲಿಯೇ ಪಡೆದಿರಬೇಕು.

ಸಮಯದ ಬಗ್ಗೆ ಒಂದು ಮಾತು. ಅಮೆರಿಕದ ಪೂರ್ವ ಕರಾವಳಿಯ ಮಧ್ಯಾಹ್ನ 2 ಗಂಟೆಯ ಒಳಗೆ ಬಂದ ಪ್ರಬಂಧಗಳನ್ನು ಆರ್ಕೈವ್ ಅದೇ ರಾತ್ರಿ 8ಕ್ಕೆ ಪ್ರಕಟಿಸುತ್ತದೆ. ನಮ್ಮ ಗಡಿಯಾರದಲ್ಲಿ ಅದು ಬೇಸಿಗೆಯಲ್ಲಿ ರಾತ್ರಿ 11:30ರ ಗಡುವು, ಮರುದಿನ ಬೆಳಗಿನ 5:30ರ ಪ್ರಕಟಣೆ. ಚಳಿಗಾಲದಲ್ಲಿ ಎರಡೂ ಒಂದು ಗಂಟೆ ತಡ. ಶನಿವಾರ, ಭಾನುವಾರಗಳ ಬೆಳಿಗ್ಗೆ ಪ್ರಕಟಣೆ ಇರುವುದಿಲ್ಲ, ನಿರ್ವಾಹಕರು ತಡೆದು ನೋಡಿದರೆ ಇನ್ನೂ ಕೆಲವು ದಿನ ಹಿಡಿಯುತ್ತದೆ. ಗಡುವಿನ ದಿನವೇ ಏರಿಸುವ ಅಭ್ಯಾಸದವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸಲ್ಲಿಕೆ ಮತ್ತು ಪರಿಶೀಲನೆ

ಆರ್ಕೈವ್ ಸಂಖ್ಯೆ ಕೈಗೆ ಬಂದ ಮೇಲೆ ಜರ್ನಲ್‌ಗೆ ಸಲ್ಲಿಸುವುದು ಕೆಲವೇ ನಿಮಿಷಗಳ ಕೆಲಸ. ಎಪಿಸೈನ್ಸಸ್‌ನಲ್ಲಿ ಖಾತೆ ತೆರೆದು, ಆರ್ಕೈವ್ ಸಂಖ್ಯೆಯನ್ನೂ ಆವೃತ್ತಿಯನ್ನೂ ನಮೂದಿಸಿದರೆ ಶೀರ್ಷಿಕೆ, ಲೇಖಕರು, ಸಾರಾಂಶಗಳು ತಾವಾಗಿ ಬರುತ್ತವೆ. ಆವೃತ್ತಿಯ ಸಂಖ್ಯೆ ತಪ್ಪಿದರೆ ಪರಿಶೀಲಕರು ಹಳೆಯ ಪ್ರತಿಯನ್ನು ಓದಿಯಾರು. ಸಂಪಾದಕ ಮಂಡಲಿಯ ಪಟ್ಟಿಯನ್ನು ಮೊದಲೇ ಓದಿ, ನಿಮ್ಮ ವಿಷಯಕ್ಕೆ ಯಾರು ಹತ್ತಿರ ಎಂದು ತಿಳಿದುಕೊಂಡು ಜೊತೆಯ ಪತ್ರದಲ್ಲಿ ಸೂಚಿಸಬಹುದು. ಆ ಪತ್ರ ಚಿಕ್ಕದಾಗಿರಲಿ: ಫಲಿತಾಂಶ ಏನು, ಸಮ್ಮೇಳನದ ರೂಪ ಎಲ್ಲಿ ಬಂದಿದೆ, ಯಾರನ್ನು ಪರಿಶೀಲಕರಾಗಿ ಆರಿಸುವುದು ಉಚಿತವಲ್ಲ ಮತ್ತು ಏಕೆ. ಇಷ್ಟು ಸಾಕು. ‘ಈ ಪ್ರಬಂಧ ಕ್ರಾಂತಿಕಾರಕ’ ಎಂಬ ವಾಕ್ಯಕ್ಕೆ ತರ್ಕಶಾಸ್ತ್ರಜ್ಞರ ನಡುವೆ ಬೆಲೆ ಇಲ್ಲ. ಒಂದೇ ಪ್ರಬಂಧವನ್ನು ಏಕಕಾಲಕ್ಕೆ ಎರಡು ಜರ್ನಲ್‌ಗಳಿಗೆ ಕಳಿಸಕೂಡದು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಆಮೇಲೆ ಕಾಯಬೇಕು, ಮತ್ತು ಬಹಳ ಕಾಯಬೇಕು. ನಲವತ್ತು ಪುಟಗಳ ಸಾಧನೆಯನ್ನು ಸಾಲುಸಾಲಾಗಿ ಓದುವವರು ತಮ್ಮ ಪಾಠ, ಸಂಶೋಧನೆಗಳ ನಡುವೆ ಬಿಡುವು ಮಾಡಿಕೊಂಡು ಓದುತ್ತಿರುತ್ತಾರೆ. ತಿಂಗಳುಗಳು ಹಿಡಿಯುವುದು ವಾಡಿಕೆ, ವರ್ಷ ಮೀರಿದರೂ ಅಚ್ಚರಿಪಡಬೇಕಿಲ್ಲ. ಆದ್ದರಿಂದ ಮಹಾಪ್ರಬಂಧ ಸಲ್ಲಿಸುವ ದಿನಾಂಕಕ್ಕೋ ಬಡ್ತಿಯ ಸಂದರ್ಶನಕ್ಕೋ ಹೊಂದಿಸಿ ಜರ್ನಲ್‌ಗೆ ಕಳಿಸುವವರು ಸಾಕಷ್ಟು ಮುಂಚೆ ಕಳಿಸಬೇಕು. ಆರು ತಿಂಗಳ ನಂತರ ಸಂಪಾದಕರಿಗೆ ಒಂದು ಸೌಮ್ಯವಾದ ವಿಚಾರಣೆಯ ಪತ್ರ ಬರೆಯುವುದರಲ್ಲಿ ತಪ್ಪಿಲ್ಲ. ಹದಿನೈದು ದಿನಗಳಲ್ಲಿ ಒಪ್ಪಿಗೆ ಕೊಡುವುದಾಗಿ ಹೇಳುವ ಜರ್ನಲ್ ಯಾವುದಾದರೂ ಇದ್ದರೆ ಅಲ್ಲಿ ಸಾಧನೆಗಳನ್ನು ಯಾರೂ ಓದುವುದಿಲ್ಲವೆಂದೇ ತಿಳಿಯಬೇಕು.

ಪರಿಶೀಲನಾ ವರದಿಗಳು ಬಂದ ದಿನ ಉತ್ತರ ಬರೆಯಬಾರದು. ಓದಿ, ಪಕ್ಕಕ್ಕಿಟ್ಟು, ಕೆಲವು ದಿನಗಳ ನಂತರ ಮತ್ತೆ ಓದಬೇಕು. ಎಲ್ಲ ಆಕ್ಷೇಪಗಳನ್ನೂ ಸಂಖ್ಯೆ ಹಾಕಿ ಒಂದು ಕಡತಕ್ಕೆ ಎತ್ತಿಕೊಂಡು, ಪ್ರತಿಯೊಂದರ ಕೆಳಗೆ ಏನು ಬದಲಿಸಿದ್ದೀರಿ, ಯಾವ ಪುಟದಲ್ಲಿ ಎಂದು ಬರೆಯಬೇಕು. ಆಕ್ಷೇಪ ತಪ್ಪೆಂದು ನಿಮಗೆ ಖಚಿತವಾಗಿದ್ದರೆ ಅದನ್ನು ವಿನಯದಿಂದಲೇ ಕಾರಣಸಹಿತ ಹೇಳಬಹುದು. ಆದರೆ ಪರಿಶೀಲಕರಂಥ ಬಲ್ಲವರಿಗೇ ಅರ್ಥವಾಗದ ಜಾಗ ಸಾಮಾನ್ಯ ಓದುಗರಿಗೆ ಹೇಗೆ ಅರ್ಥವಾದೀತು ಎಂದು ಕೇಳಿಕೊಂಡು, ಪಠ್ಯದಲ್ಲಿ ಒಂದು ವಾಕ್ಯವನ್ನಾದರೂ ಸೇರಿಸುವುದು ಮೇಲು. ಪರಿಶೀಲಕರು ಸಾಧನೆಯಲ್ಲಿ ನಿಜವಾದ ಬಿರುಕನ್ನು ತೋರಿಸಿದ್ದರೆ ಮೂರು ದಾರಿಗಳಿವೆ: ಅದನ್ನು ಮುಚ್ಚುವುದು, ಪ್ರಮೇಯದ ಹೇಳಿಕೆಯನ್ನು ಕುಗ್ಗಿಸುವುದು, ಇಲ್ಲವೇ ಪ್ರಬಂಧವನ್ನು ಹಿಂಪಡೆದು ಮತ್ತೆ ಕೂರುವುದು. ಬಿರುಕನ್ನು ಮಾತಿನಿಂದ ಮುಚ್ಚುವ ನಾಲ್ಕನೆಯ ದಾರಿ ಎರಡನೆಯ ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ. ಬದಲಿಸಿದ ಪ್ರಬಂಧವನ್ನು ಆರ್ಕೈವ್‌ನಲ್ಲಿ ಹೊಸ ಆವೃತ್ತಿಯಾಗಿ ಇಟ್ಟು, ಅದರ ಸಂಖ್ಯೆಯನ್ನು ಎಪಿಸೈನ್ಸಸ್‌ನಲ್ಲಿ ನಮೂದಿಸಬೇಕು. ಹಳೆಯ ಆವೃತ್ತಿಗಳೂ ಎಲ್ಲರಿಗೂ ಕಾಣುತ್ತಲೇ ಇರುತ್ತವೆ ಎಂಬುದರಿಂದ, ಅರೆಬೆಂದ ಪ್ರಬಂಧವನ್ನು ಮೊದಲ ಆವೃತ್ತಿಯಾಗಿ ಇಡುವ ಆಸೆಯನ್ನು ಮೊದಲೇ ಹತ್ತಿಕ್ಕಬೇಕು.

ಒಪ್ಪಿಗೆ ಬಂದ ಮೇಲೆ ವಿನ್ಯಾಸ ಸಂಪಾದಕರು ಶೈಲಿಯ ದೋಷಗಳನ್ನು ಪಟ್ಟಿ ಮಾಡಿ ಕಳಿಸುತ್ತಾರೆ: ಅಂಚು ಮೀರಿದ ಸಾಲು, ಅಪೂರ್ಣ ಉಲ್ಲೇಖ, ಸರಿಹೊಂದದ ಶೀರ್ಷಿಕೆ ಇತ್ಯಾದಿ. ದೊಡ್ಡ ಪ್ರಕಾಶಕರಲ್ಲಿ ಅಕ್ಷರಜೋಡಣೆಗೆ ಬೇರೆಯವರಿರುತ್ತಾರೆ. ಇಲ್ಲಿ ಅದನ್ನು ಲೇಖಕರೇ ಮಾಡಬೇಕು. ಹಣ ಕೊಡದಿರುವುದಕ್ಕೆ ತೆರಬೇಕಾದ ಬೆಲೆ ಇದೊಂದೇ, ಮತ್ತು ನಿಮ್ಮ ಸಮೀಕರಣಗಳನ್ನು ಅರಿಯದವರು ಮುಟ್ಟುವುದಿಲ್ಲ ಎಂಬ ಲಾಭವೂ ಅದರಲ್ಲಿದೆ. ಅಂತಿಮ ಆವೃತ್ತಿಯನ್ನು ಆರ್ಕೈವ್‌ಗೆ ಏರಿಸಿದ ಮೇಲೆ ಜರ್ನಲ್ ಅದಕ್ಕೆ ಸಂಪುಟ, ಸಂಚಿಕೆ ಮತ್ತು 10.46298ರಿಂದ ಆರಂಭವಾಗುವ ಡಿಒಐ ಕೊಡುತ್ತದೆ. ಆರ್ಕೈವ್‌ನ ಪುಟದಲ್ಲಿಯೂ ಆ ಜರ್ನಲ್ ಉಲ್ಲೇಖ ಕಾಣುತ್ತಿದೆಯೇ ಎಂದು ನೋಡಿ, ಕಾಣದಿದ್ದರೆ ನೀವೇ ಸೇರಿಸಬಹುದು.

ಕಚೇರಿಯ ಮೇಜಿನಲ್ಲಿ

ಭಾರತದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಹಂತ ಉಳಿದಿರುತ್ತದೆ: ಹಣ ಪಡೆಯದ, ಅಚ್ಚಾದ ಪ್ರತಿಯೂ ಇಲ್ಲದ ಈ ಜರ್ನಲ್ ನಿಜವಾದದ್ದೆಂದು ಸಂಸ್ಥೆಯ ಕಚೇರಿಗೆ ಮನಗಾಣಿಸುವುದು. ಎಲ್‌ಎಂಸಿಎಸ್ ಸ್ಕೋಪಸ್, ಸೈನ್ಸ್ ಸೈಟೇಷನ್ ಇಂಡೆಕ್ಸ್ ಎಕ್ಸ್‌ಪಾಂಡೆಡ್, ಮ್ಯಾಥಮ್ಯಾಟಿಕಲ್ ರಿವ್ಯೂಸ್ ಎಂಬ ಪ್ರಬಂಧ ಸೂಚಿಗಳಲ್ಲಿ ಸೇರಿದೆ. ಆ ಪುಟಗಳ ಮುದ್ರಿತ ಪ್ರತಿಯನ್ನು ಅರ್ಜಿಯ ಜೊತೆಗಿಟ್ಟರೆ ಸಾಮಾನ್ಯವಾಗಿ ಪ್ರಶ್ನೆ ಏಳುವುದಿಲ್ಲ. ಯುಜಿಸಿ ಮಾನ್ಯ ಜರ್ನಲ್‌ಗಳ ತನ್ನ ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸುವುದಾಗಿ ಪ್ರಕಟಿಸಿ, ಜರ್ನಲ್‌ಗಳ ಗುಣಮಟ್ಟವನ್ನು ತೂಗುವ ಹೊಣೆಯನ್ನು ಸಂಸ್ಥೆಗಳಿಗೇ ಬಿಟ್ಟಿದೆ. ಪಿಎಚ್‌ಡಿ ಮಹಾಪ್ರಬಂಧಕ್ಕೆ ಮುನ್ನ ಜರ್ನಲ್‌ನಲ್ಲಿ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು 2022ರ ನಿಯಮಾವಳಿ ಕೈಬಿಟ್ಟಿದ್ದರೂ ಹಲವು ವಿಶ್ವವಿದ್ಯಾಲಯಗಳಲ್ಲಿ ಅದು ಉಳಿದುಕೊಂಡಿರಬಹುದಾದ್ದರಿಂದ, ನಿಮ್ಮ ವಿಶ್ವವಿದ್ಯಾಲಯದ ಸದ್ಯದ ಸುತ್ತೋಲೆಯನ್ನೇ ಓದಬೇಕು; ಹಿರಿಯ ವಿದ್ಯಾರ್ಥಿಗಳ ಬಾಯಿಮಾತನ್ನು ನೆಚ್ಚಬಾರದು.

ಚಂದಾ ಜರ್ನಲ್‌ಗಳನ್ನು ಓದುವುದಕ್ಕಾದರೆ 2025ರ ಜನವರಿಯಿಂದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಇದೆ, ಮೂರು ವರ್ಷಗಳಿಗೆ ಕೇಂದ್ರ ಸರ್ಕಾರ 6,000 ಕೋಟಿ ರೂಪಾಯಿ ತೆಗೆದಿರಿಸಿದೆ. ಆದರೆ ಅದರ ವ್ಯಾಪ್ತಿಗೆ ಬರುವುದು ಸರ್ಕಾರಿ ಸಂಸ್ಥೆಗಳು. ಕರ್ನಾಟಕದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕುಳಿತು ಟೈಪ್ ಸಿದ್ಧಾಂತವನ್ನೋ ಮಾದರಿ ಪರಿಶೀಲನೆಯನ್ನೋ ಓದುತ್ತಿರುವ ಅಧ್ಯಾಪಕರಿಗೆ, ವಿದ್ಯಾರ್ಥಿಗಳಿಗೆ ನಿಮ್ಮ ಪ್ರಬಂಧ ಸಿಗುವುದೋ ಇಲ್ಲವೋ ಎಂಬುದು ನೀವು ಅದನ್ನು ಎಲ್ಲಿಟ್ಟಿರಿ ಎಂಬುದನ್ನೇ ಅವಲಂಬಿಸಿದೆ.

ಪ್ರಕಟಣೆಯ ನಂತರ ತಪ್ಪು ಕಂಡರೆ ಏನು ಮಾಡಬೇಕೆಂಬುದೂ ತಿಳಿದಿರಲಿ. ಅಕ್ಷರ ಸ್ಖಾಲಿತ್ಯವಾದರೆ ಆರ್ಕೈವ್‌ನಲ್ಲಿ ಹೊಸ ಆವೃತ್ತಿ ಇಟ್ಟು, ಟಿಪ್ಪಣಿಯ ಜಾಗದಲ್ಲಿ ಏನು ಬದಲಾಯಿತೆಂದು ಒಂದು ಸಾಲು ಬರೆದರೆ ಸಾಕು. ಆಗಲೂ ಜರ್ನಲ್ ತಾನು ಒಪ್ಪಿದ ಆವೃತ್ತಿಯನ್ನೇ ಪ್ರಕಟಿತ ರೂಪವೆಂದು ತೋರಿಸುತ್ತಿರುತ್ತದೆ. ಪ್ರಮೇಯವನ್ನೇ ಮುಟ್ಟುವ ತಪ್ಪಾದರೆ ಆರ್ಕೈವ್‌ನಲ್ಲಿ ಸದ್ದಿಲ್ಲದೆ ತಿದ್ದುವುದು ಸಲ್ಲದು; ಮೊದಲು ಸಂಪಾದಕರಿಗೆ ಬರೆದು, ತಿದ್ದುಪಡಿಯನ್ನು ಜರ್ನಲ್‌ನ ಮೂಲಕವೇ ಪ್ರಕಟಿಸುವ ವ್ಯವಸ್ಥೆ ಮಾಡಿ, ಆ ಪ್ರಮೇಯವನ್ನು ಆಧರಿಸಿ ಬರೆದಿರುವ ಲೇಖಕರು ನಿಮಗೆ ತಿಳಿದಿದ್ದರೆ ಅವರಿಗೂ ಅದೇ ವಾರ ಪತ್ರ ಬರೆಯಬೇಕು.